ಅಡಿಕೆ ಪೇಟೆಯ ಎರಡು ಬೇಸಿಗೆ

ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2020ರಲ್ಲಿ ಅದು ಮಾರ್ಚ್ 3ರ ಮಂಗಳವಾರ ಶುರುವಾಗಿ 11ರ ಬುಧವಾರ ಮುಗಿಯಿತು. ಬಿಡಕಿಬೈಲಿನ ಗದ್ದುಗೆಯ ಮೇಲೆ ಅಮ್ಮ ಕುಳಿತಿದ್ದಷ್ಟು ದಿನ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾನಗಲ್ಲು, ಹಾವೇರಿ, ಸೊರಬ, ಮುಂಡಗೋಡದ ಕಡೆಯಿಂದ ಬಂದವರು ಉಡಿ ತುಂಬುವ ಸರದಿಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ನಿಂತಿದ್ದರು. ಬಳೆ ಅಂಗಡಿಯ ಮುಂದೆ ಹತ್ತಾರು ಕೈಗಳು ಒಟ್ಟಿಗೇ ಚಾಚಿಕೊಂಡಿದ್ದವು. ತೊಟ್ಟಿಲು ತಿರುಗುತ್ತಿತ್ತು, ಅಣ್ಣನ ಐಸ್‌ಕ್ಯಾಂಡಿಗೆ ತಂಗಿ ಬಾಯಿ ಹಾಕುತ್ತಿದ್ದಳು. ಚೀನಾದ ಜಡ್ಡಿನ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು. ಆದರೆ ಅದು ಟಿವಿಯೊಳಗಿನ ಸುದ್ದಿ. 10ರ ರಾತ್ರಿ ಕಲಬುರಗಿಯಲ್ಲಿ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ದೇಶದಲ್ಲಿ ಕೊರೊನಾಕ್ಕೆ ಬಿದ್ದ ಮೊದಲ ಜೀವ ಅದೇ ಎಂದು 12ರಂದು ಖಚಿತವಾಗುವ ಹೊತ್ತಿಗೆ ನಮ್ಮಲ್ಲಿ ಜಾತ್ರೆಯ ಚಪ್ಪರಕ್ಕೆ ಬೆಂಕಿ ಕೊಟ್ಟಾಗಿತ್ತು, ಬಂದ ನೆಂಟರು ಹೋಗಿಯಾಗಿತ್ತು. 13ರಂದು ಸರ್ಕಾರ ಜಾತ್ರೆ, ಸಭೆ, ಸಮಾರಂಭಗಳನ್ನೆಲ್ಲ ನಿಲ್ಲಿಸುವಂತೆ ಹೇಳಿತು.

ಜಾತ್ರೆ ಮುಗಿದ ಮೇಲೆ ಯುಗಾದಿಯವರೆಗೆ ಗುಡಿಯಲ್ಲಿ ಅಮ್ಮನ ದರ್ಶನವಿಲ್ಲ. ಯುಗಾದಿಯ ದಿನ ಮತ್ತೆ ಪ್ರತಿಷ್ಠೆ. ಆ ದಿನ ಊರಿಗೆ ಊರೇ ಹಣ್ಣುಕಾಯಿ ಹಿಡಿದು ಹೊರಡುವುದು ವಾಡಿಕೆ. 2020ರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು ಇಡೀ ದೇಶ 21 ದಿನ ಮನೆಯೊಳಗಿರಬೇಕು ಎಂದಿದ್ದರು. ಗುಡಿ, ಮಸೀದಿ, ಚರ್ಚು ಯಾವುದಕ್ಕೂ ಜನ ಹೋಗುವಂತಿರಲಿಲ್ಲ. ಬೇವುಬೆಲ್ಲ ಮನೆಯಲ್ಲೇ ಮೆದ್ದ ಆ ಬೆಳಗ್ಗೆ ದೇವಿಕೆರೆಯಿಂದ ಐದು ರಸ್ತೆ ಸರ್ಕಲ್ಲಿನವರೆಗೂ ಇದ್ದವರು ಪೊಲೀಸರು ಮಾತ್ರ. ಜಾತ್ರೆಯ ಗದ್ದಲಕ್ಕೂ ಈ ಮೌನಕ್ಕೂ ನಡುವೆ ಎರಡೇ ವಾರ. ರೋಗರುಜಿನ ಬಾರದಿರಲಿ ಎಂದು ತಲೆತಲಾಂತರದಿಂದ ಬೇಡಿಕೊಳ್ಳುತ್ತ ಬಂದ ತಾಯಿಯ ಬಾಗಿಲಿಗೆ, ರೋಗ ಬಂದ ಹೊತ್ತಿನಲ್ಲೇ ಹೋಗಲಾಗಲಿಲ್ಲ ಎಂಬ ಸಂಕಟವನ್ನು ವಯಸ್ಸಾದ ಹೆಂಗಸರು ಇವತ್ತಿಗೂ ಹೇಳುತ್ತಾರೆ.

ಶಿರಸಿ ಅಂದರೆ ಅಡಿಕೆ. 1923ರಲ್ಲಿ ತೋಟಗಾರರು ಕಟ್ಟಿಕೊಂಡ ಸಹಕಾರಿ ಸಂಘ, ಟಿಎಸ್‌ಎಸ್, ಇಲ್ಲಿಯ ಬದುಕಿನ ನಡುಗಂಬ. ಅಡಿಕೆ ಟೆಂಡರಿನ ದಿನ ಅದರ ಪ್ರಾಂಗಣ ನೋಡಬೇಕು. ನೆಲದ ಮೇಲೆ ಸಾಲಾಗಿ ಸುರಿದ ಬಗೆಬಗೆಯ ಅಡಿಕೆ: ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು. ವ್ಯಾಪಾರಿ ಮೊಣಕೈತನಕ ರಾಶಿಯೊಳಗೆ ಕೈ ಹಾಕಿ ತಳದ ಅಡಿಕೆ ಎತ್ತಿ ನೋಡುತ್ತಾನೆ, ಒಂದನ್ನು ಕತ್ತರಿಸಿ ತಿರುಳು ಪರೀಕ್ಷಿಸುತ್ತಾನೆ, ಚೀಟಿಯಲ್ಲಿ ದರ ಬರೆಯುತ್ತಾನೆ. ಬೆಳೆಗಾರ ದೂರದಲ್ಲಿ ಕವಳ ಜಗಿಯುತ್ತ ಅವನ ಮುಖ ಓದುತ್ತಿರುತ್ತಾನೆ. ಇದು ಮುಟ್ಟಿ, ಮೂಸಿ, ಎದುರು ನಿಂತು ನಡೆಸುವ ವ್ಯಾಪಾರ. ಮಾರ್ಚ್ ಕೊನೆ ಎಂದರೆ ಸೊಸೈಟಿ ಸಾಲ ತುಂಬಿ ಹೊಸ ಸಾಲ ಎತ್ತುವ ಹೊತ್ತು, ಅಂಗಳದಲ್ಲಿ ಒಣಗುತ್ತಿರುವ ಚಾಲಿಯನ್ನು ಸುಲಿದು ಮೂಟೆ ಕಟ್ಟುವ ಹೊತ್ತು. ಸರಿಯಾಗಿ ಅದೇ ಹೊತ್ತಿಗೆ ಪ್ರಾಂಗಣದ ಬಾಗಿಲು ಮುಚ್ಚಿತು. ‘ಅಡಿಕೆ ಅಟ್ಟದ ಮೇಲಿದ್ದು, ಕೈಯಲ್ಲಿ ದುಡ್ಡಿಲ್ಲೆ’ ಎಂಬ ಮಾತು ಆ ದಿನಗಳಲ್ಲಿ ಮನೆಮನೆಯಲ್ಲೂ ಕೇಳಿಬಂತು. ಅಟ್ಟದಲ್ಲಿ ಲಕ್ಷಗಟ್ಟಲೆಯ ಮಾಲು, ಕೂಲಿ ಕೊಡಲು ನೂರರ ನೋಟಿಗೆ ತತ್ವಾರ.

ಆದರೆ ಅಡಿಕೆ ಕಾಯುತ್ತದೆ. ಒಣಗಿಸಿಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ಕಾಯಲಾರದ ಬೆಳೆಯವರ ಗತಿ ಬೇರೆಯಾಯಿತು. ಬನವಾಸಿಯ ಸುತ್ತ ಏಪ್ರಿಲ್ ಅನಾನಸಿನ ಕಾಲ. ದಿಲ್ಲಿ, ಮುಂಬೈಗಳಿಗೆ ಲಾರಿಗಟ್ಟಲೆ ಹೋಗಬೇಕಾಗಿದ್ದ ಹಣ್ಣು ಹೊಲದಲ್ಲೇ ಹಳದಿಯಾಗಿ, ಕಂದಾಗಿ, ಕೊಳೆಯಿತು. ಕೊಯ್ಲಿನ ಕೂಲಿಯೂ ಹುಟ್ಟದು ಎಂದು ಕೆಲವರು ದನ ಬಿಟ್ಟರು. ಸಂಘಗಳು, ಗೆಳೆಯರ ಗುಂಪುಗಳು ಓಣಿ ಓಣಿಗೆ ಹಣ್ಣು ತಲುಪಿಸಿ ಒಂದಿಷ್ಟನ್ನು ಉಳಿಸಿದವು. ಆ ಬೇಸಿಗೆ ನಮ್ಮ ಅಡುಗೆಮನೆಗಳಲ್ಲಿ ಅನಾನಸಿನ ಗೊಜ್ಜು, ಶಿರಾ, ಜಾಮ್ ಮುಗಿಯಲೇ ಇಲ್ಲ. ತಿಂದವರಿಗೆ ಅದು ಸವಿ. ಬೆಳೆದವನ ಮಟ್ಟಿಗೆ, ಮೂರು ಎಕರೆಗೆ ಮಾಡಿದ ಸಾಲ ಹಾಗೇ ನಿಂತ ವರ್ಷ.

ಮತ್ತೊಂದು ಮಾತನ್ನೂ ಇಲ್ಲೇ ಹೇಳಬೇಕು. ಪೇಟೆ ತೆರೆದ ಮೇಲೆ, ಮಳೆಗಾಲ ಕಳೆಯುವಷ್ಟರಲ್ಲಿ, ಅಡಿಕೆ ದರ ಏರಿತು. ಹೊರದೇಶದ ಅಡಿಕೆ ಬರುವುದು ಕಡಿಮೆಯಾದದ್ದೂ ಅದಕ್ಕೊಂದು ಕಾರಣ. ತೋಟವಿದ್ದವರು ಕಷ್ಟದ ವರ್ಷದಿಂದ ಲಾಭದೊಂದಿಗೆ ಹೊರಬಂದರು. ತೋಟದಲ್ಲಿ ದುಡಿಯುವವರಿಗೆ, ಪೇಟೆಯ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವರಿಗೆ, ಮಂಗಳವಾರದ ಸಂತೆಯಲ್ಲಿ ಗೋಣಿತಾಟು ಹಾಸಿ ಸೊಪ್ಪು ಮಾರುತ್ತಿದ್ದವರಿಗೆ ಹಾಗಾಗಲಿಲ್ಲ. ಊರು ಒಟ್ಟಾಗಿ ಸಂಕಟ ಅನುಭವಿಸಿತು ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ಒಟ್ಟಾಗಿ ಅನುಭವಿಸಲಿಲ್ಲ.

ಯಕ್ಷಗಾನದವರನ್ನು ನೆನೆದರೆ ಎದೆ ಭಾರವಾಗುತ್ತದೆ. ಮೇಳಗಳ ತಿರುಗಾಟ ನವೆಂಬರಿನಿಂದ ಮೇ ತನಕ. ಮದುವೆ, ಉಪನಯನ, ಹರಕೆಗಳ ಆಟ ಹೆಚ್ಚು ಬೀಳುವುದೇ ಮಾರ್ಚ್ ಕಳೆದ ಮೇಲೆ. ವರ್ಷದ ಗಂಜಿಯನ್ನು ಈ ಎರಡು ತಿಂಗಳಲ್ಲೇ ದುಡಿದುಕೊಳ್ಳಬೇಕು. ಚಂಡೆ ನಿಂತಿತು. ರಾತ್ರಿಯಿಡೀ ಕೌರವನಾಗಿ, ಕೀಚಕನಾಗಿ ರಂಗ ನಡುಗಿಸುತ್ತಿದ್ದವರು ಹಗಲು ಯಾರದೋ ತೋಟದ ಮಣ್ಣು ಹೊತ್ತರು, ಗೇರುಬೀಜ ಹೆಕ್ಕಿದರು. ಕೆಲವರು ಮನೆಯ ಜಗುಲಿಯಲ್ಲೇ ತಾಳಮದ್ದಳೆ ನಡೆಸಿ ಮೊಬೈಲಿನಲ್ಲಿ ಬಿಟ್ಟರು. ವಿದೇಶದಲ್ಲಿದ್ದವರೂ ಕೂತು ನೋಡಿದರು, ಒಂದಿಷ್ಟು ಕಾಣಿಕೆಯೂ ಬಂತು. ಆದರೆ ಎದುರಿಗೆ ಜನರಿಲ್ಲದ ಅರ್ಥಗಾರಿಕೆಯಲ್ಲಿ ಮಾತಿಗೆ ಮಾತು ಕೊಡುವ ಬಿಸಿ ಹುಟ್ಟುತ್ತಿರಲಿಲ್ಲ. ಕೇಳುಗರ ನಗು ಎಲ್ಲಿ ಏಳಬೇಕೋ ಅಲ್ಲಿ ಭಾಗವತರು ಒಂದು ಗಳಿಗೆ ತಡೆದು, ಮುಂದಿನ ಪದ ಎತ್ತಿಕೊಳ್ಳುತ್ತಿದ್ದರು.

ನಮ್ಮ ಕಾಡಿನ ಸೀಮೆಗೆ ಕಾಯಿಲೆಯ ಭಯ ಹೊಸದಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇಲ್ಲಿಗೆ ಹತ್ತಿರದ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಸತ್ತ ಮಂಗ ಕಂಡರೆ ಸುದ್ದಿ ಮುಟ್ಟಿಸುವುದು, ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಎಣ್ಣೆ ಸವರಿಕೊಳ್ಳುವುದು ಸಿದ್ದಾಪುರದ ಹಳ್ಳಿಗಳಿಗೆ ರೂಢಿ. ಆ ಕಾಯಿಲೆಯ ಕಾಲವೂ ಬೇಸಿಗೆಯೇ. ಹಾಗಾಗಿ 2020ರ ಏಪ್ರಿಲ್‌ನಲ್ಲಿ ಯಾರಿಗಾದರೂ ಜ್ವರ ಬಂತೆಂದರೆ ಎರಡು ಭಯ ಒಟ್ಟಿಗೇ ಏಳುತ್ತಿದ್ದವು. ಎರಡನ್ನೂ ಬೆನ್ನಿಗೆ ಹೊತ್ತು ಮನೆಮನೆ ತಿರುಗಿದವರು ಆಶಾ ಕಾರ್ಯಕರ್ತೆಯರು. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಮುಖಕ್ಕೊಂದು ಬಟ್ಟೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ಒಂದು ಗುಡ್ಡ, ಒಂದು ಹಳ್ಳ. ಬಸ್ಸಿಲ್ಲದ ಆ ದಿನಗಳಲ್ಲಿ ಅವರು ಅದನ್ನೆಲ್ಲ ನಡೆದರು. ಅನೇಕ ಮನೆಗಳವರು ‘ಅಲ್ಲೇ ನಿಲ್ಲು’ ಎಂದು ಅಂಗಳದ ಆಚೆಯೇ ನಿಲ್ಲಿಸಿ ಮಾತಾಡಿಸಿದರು. ಅದೇ ವರ್ಷ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಬೇಕಾಯಿತು. ಅವರಿಗೆಂದು ಚಪ್ಪಾಳೆ ತಟ್ಟಿದ ನಾಡು ಅಷ್ಟನ್ನು ತಾನಾಗಿಯೇ ಕೊಡಬೇಕಿತ್ತು.

ಮೇ 19ರಿಂದ ಸಾರಿಗೆ ಬಸ್ಸುಗಳು ಓಡತೊಡಗಿದವು, ಮೂವತ್ತೇ ಜನರನ್ನು ಕೂರಿಸಿಕೊಂಡು. ಅದಕ್ಕೂ ಮೊದಲೇ, ಪಾಸು ಸಿಕ್ಕಿದವರು ಸಿಕ್ಕಿದಂತೆ, ಬೆಂಗಳೂರಿನಿಂದ ಮಕ್ಕಳು ಮರಳಿದ್ದರು. ಮೊದಲು ಬಂದವರ ಕೈಮೇಲೆ ಅಳಿಸದ ಶಾಯಿಯ ಮುದ್ರೆ, ಮನೆಯ ಬಾಗಿಲಿಗೆ ಚೀಟಿ. ಊರ ಬಾಗಿಲಲ್ಲಿ ಅಡಿಕೆ ದಬ್ಬೆ ಅಡ್ಡ ಕಟ್ಟಿದ ಕಡೆಯೂ ಇತ್ತು. ವರ್ಷಕ್ಕೆರಡು ಸಲ, ಹಬ್ಬಕ್ಕೆಂದು ಬಂದು ಬ್ಯಾಗು ಬಿಚ್ಚುವ ಮೊದಲೇ ಹೊರಡುತ್ತಿದ್ದ ಹುಡುಗರು ತಿಂಗಳುಗಟ್ಟಲೆ ಉಳಿದರು. ವೃದ್ಧರಿಬ್ಬರೇ ಇದ್ದ ದೊಡ್ಡ ಮನೆಗಳ ಮೆತ್ತಿಯಲ್ಲಿ ದೀಪ ಹತ್ತಿತು. ಹಲಸಿನ ಹಪ್ಪಳ ಒತ್ತಲು ಕೈ ಸಿಕ್ಕವು. ಅಪ್ಪೆಹುಳಿಗೆ ಮಾವಿನಕಾಯಿ ಕೊಯ್ಯಲು ಎಳೆಯರು ಮರ ಹತ್ತಿದರು. ದೂರದರ್ಶನದಲ್ಲಿ ಹಳೆಯ ರಾಮಾಯಣ ಮತ್ತೆ ಶುರುವಾಗಿ ಮೂರು ತಲೆಮಾರು ಒಂದೇ ಜಗುಲಿಯಲ್ಲಿ ಕೂತಿತು. ಮಂಗಲ ಕಾರ್ಯಾಲಯಗಳಿಗೆ ಬೀಗ ಬಿದ್ದು, ಐವತ್ತೇ ಜನರ ಮದುವೆ ಮತ್ತೆ ಅಂಗಳದ ಚಪ್ಪರಕ್ಕೆ ಬಂತು. ನಂಟರು ಬಡಿಸಿ ನಂಟರು ಉಂಡ ಆ ಮದುವೆಗಳು ಚಂದವಾಗಿದ್ದವು. ಅಡುಗೆಭಟ್ಟರ ಮನೆಗಳಲ್ಲಿ ಆ ವರ್ಷ ಒಲೆ ಹೇಗೆ ಉರಿಯಿತು ಎಂದು ಕೇಳಿದವರು ಕಡಿಮೆ.

ಬೆಂಗಳೂರಿನಿಂದ ಮರಳಿದ ಹುಡುಗರ ಜೊತೆ ಕೆಲಸವೂ ಬಂದಿತ್ತಲ್ಲ, ಅದಕ್ಕೆ ಬೇಕಾದ ನೆಟ್‌ವರ್ಕ್ ಮಾತ್ರ ಇರಲಿಲ್ಲ. ಕಣಿವೆಯ ತೋಟದ ಮನೆಗೆ ಸಿಗ್ನಲ್ ಇಳಿಯುವುದಿಲ್ಲ. ಗುಡ್ಡದ ನೆತ್ತಿಯಲ್ಲಿ, ಎಲ್ಲಿ ಎರಡು ಗೆರೆ ಬರುತ್ತದೋ ಅಲ್ಲಿ, ನಾಲ್ಕು ಗಳ ನೆಟ್ಟು ಸೋಗೆ ಹೊದೆಸಿದ ಮಾಡುಗಳು ಎದ್ದವು. ಬೆಳಗ್ಗೆ ಲ್ಯಾಪ್‌ಟಾಪು, ನೀರಿನ ಬಾಟಲಿ, ಮಳೆ ಶುರುವಾದ ಮೇಲೆ ಇಂಬಳಕ್ಕೆಂದು ಸುಣ್ಣದ ಡಬ್ಬಿ ಹಿಡಿದು ಗುಡ್ಡ ಹತ್ತಿದರೆ ಇಳಿಯುವುದು ಹೊತ್ತು ಮುಳುಗಿದ ಮೇಲೆ. ಅದೇ ಮಾಡಿನಡಿ, ಅವರ ಪಕ್ಕದಲ್ಲೇ, ಶಾಲೆಯ ಮಕ್ಕಳು. 2021ರ ಜೂನ್‌ನಲ್ಲಿ ಸುಳ್ಯದ ಕಡೆಯ ಒಂದು ಫೋಟೊ ನಾಡಿನ ಕಣ್ಣಿಗೆ ಬಿತ್ತು: ಸುರಿವ ಮಳೆಯಲ್ಲಿ ರಸ್ತೆಬದಿ ಕೂತು ಮಗಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಅವಳಿಗೆ ಕೊಡೆ ಹಿಡಿದು ನಿಂತಿದ್ದಾನೆ. ಮಲೆನಾಡಿನ ಯಾವ ತಾಲ್ಲೂಕಿನಲ್ಲೂ ಆ ಫೋಟೊ ತೆಗೆಯಬಹುದಿತ್ತು.

ಸರ್ಕಾರಿ ಶಾಲೆಯ ಮೇಷ್ಟ್ರುಗಳು ಮಾಡಿದ್ದನ್ನು ನಾನು ಮರೆಯಲಾರೆ. ವಿದ್ಯಾಗಮ ಎಂದು ಹೆಸರಿಟ್ಟು 2020ರ ಆಗಸ್ಟಿನಲ್ಲಿ ಅವರು ಮಕ್ಕಳಿದ್ದಲ್ಲಿಗೇ ಹೋದರು. ದೇವಸ್ಥಾನದ ಪೌಳಿ, ಯಾರದೋ ಅಡಿಕೆ ಚಪ್ಪರ, ಅರಳೀಕಟ್ಟೆ ಎಲ್ಲವೂ ತರಗತಿಯಾದವು. ಹತ್ತು ಹನ್ನೆರಡು ಮಕ್ಕಳು, ನಡುವೆ ಒಂದು ಮಾರು ಅಂತರ, ಗೋಡೆಗೆ ಒರಗಿಸಿದ ಒಂದು ಕರಿಹಲಗೆ. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಬಡವರ ಮಕ್ಕಳಿಗೆ ಎದುರು ನಿಂತು ಕಲಿಸುವ ಮೇಷ್ಟ್ರು ಬೇಕು ಎಂಬುದನ್ನು ಆ ಎರಡು ತಿಂಗಳು ತೋರಿಸಿಕೊಟ್ಟಿದ್ದವು. ಆಮೇಲೆ ಎಷ್ಟೋ ಹುಡುಗರು ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋದರು, ಕೆಲವರು ಮರಳಲಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಊರು ಹೇಳಿಕೊಳ್ಳುತ್ತದೆ. ಲಾಕ್‌ಡೌನ್ ಎಂದ ಕೂಡಲೇ ಹಪ್ಪಳ, ರಾಮಾಯಣ, ಗುಡ್ಡದ ಮೇಲಿನ ಆಫೀಸು, ಪೊಲೀಸರ ಲಾಠಿ. ಮೊದಲ ಬೇಸಿಗೆಯಲ್ಲಿ ನಮ್ಮಲ್ಲಿ ಭಯ ಬಹಳವಿತ್ತು, ಕಾಯಿಲೆ ಕಡಿಮೆಯಿತ್ತು. ಎರಡನೆಯ ಬೇಸಿಗೆಯಲ್ಲಿ ಅದು ತಿರುಗಿತು. ಆ ಬೇಸಿಗೆಯ ಮಾತನ್ನು ಪೇಟೆಯಲ್ಲಿ ಯಾರೂ ತಾವಾಗಿ ಎತ್ತುವುದಿಲ್ಲ. ಎತ್ತಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

2021ರ ಏಪ್ರಿಲ್ 7ರಂದು ಸಾರಿಗೆ ನೌಕರರ ಮುಷ್ಕರ ಶುರುವಾಗಿ ಎರಡು ವಾರ ಬಸ್ಸಿರಲಿಲ್ಲ. ಅದು ಮುಗಿದು ವಾರ ಕಳೆಯುವಷ್ಟರಲ್ಲಿ, 27ರ ರಾತ್ರಿಯಿಂದ, ರಾಜ್ಯ ಮತ್ತೆ ಮುಚ್ಚಿತು. ಆ ಹೊತ್ತಿಗಾಗಲೇ ಮುಹೂರ್ತಗಳು ಶುರುವಾಗಿದ್ದವು. ಹಿಂದಿನ ವರ್ಷ ಮುಂದೂಡಿದ್ದ ಮದುವೆ, ಉಪನಯನಗಳನ್ನೆಲ್ಲ ಜನ ಈ ವರ್ಷಕ್ಕೆ ಇಟ್ಟುಕೊಂಡಿದ್ದರು. ‘ನಮ್ಮದು ಒಂಟಿ ಮನೆ, ಇಲ್ಲಿಗೆಲ್ಲಿ ಬರ್ತು’ ಎಂಬ ಧೈರ್ಯ ಇತ್ತು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟವಿರುವ ಊರುಗಳನ್ನು ಆ ದೂರ ಮೊದಲ ವರ್ಷ ನಿಜವಾಗಿಯೂ ಕಾಯ್ದಿತ್ತು. ಈ ಸಲ ಒಂದು ಉಪನಯನದ ಪಂಕ್ತಿಯಿಂದ ಎದ್ದವರು ನಾಲ್ಕು ಸೀಮೆಗೆ ಹೋದರು. ವಾರದೊಳಗೆ ಕಣಿವೆ ಕಣಿವೆಯಲ್ಲಿ ಕೆಮ್ಮು.

ಆಗ ತಿಳಿಯಿತು, ಕಾಯ್ದ ದೂರವೇ ಕೊಲ್ಲುವ ದೂರವೂ ಹೌದೆಂದು. ಒಂಟಿ ಮನೆಯಿಂದ ಡಾಂಬರು ರಸ್ತೆಗೆ ಒಂದೆರಡು ಕಿಲೋಮೀಟರು, ಅಲ್ಲಿಂದ ಶಿರಸಿಗೆ ಇಪ್ಪತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲವೆಂದರೆ, ಅಥವಾ ವೆಂಟಿಲೇಟರ್ ಬೇಕೆಂದರೆ, ಹುಬ್ಬಳ್ಳಿ ನೂರು ಕಿಲೋಮೀಟರು. ಕಾರವಾರಕ್ಕೆ ಘಟ್ಟ ಇಳಿದು ಅದಕ್ಕಿಂತಲೂ ದೂರ. ಕಾರಿದ್ದವರು ಹೊರಟರು. ಇಲ್ಲದವರು ಪಕ್ಕದ ಮನೆಯ ಹುಡುಗನನ್ನು ಕೇಳಬೇಕು, ಅವನ ಮನೆಯಲ್ಲೂ ಮುದುಕರಿದ್ದಾರೆ. ಕೇಳುವುದು ಹೇಗೆ? ಕೇಳಿದರು, ಮತ್ತು ಬಹಳ ಹುಡುಗರು ಹೋದರು. ಹಿಂದಿನ ಸೀಟಿನಲ್ಲಿ ಏದುಸಿರು ಬಿಡುವ ಅಜ್ಜನನ್ನು ಮಲಗಿಸಿಕೊಂಡು, ಗಾಜು ಇಳಿಸಿ, ಮುಂಡಗೋಡದ ದಾರಿಯಲ್ಲಿ ರಾತ್ರಿ ಓಡಿಸಿದ ಆ ಹುಡುಗರ ಹೆಸರು ಯಾವ ಸನ್ಮಾನ ಪತ್ರದಲ್ಲೂ ಇಲ್ಲ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಊರಿಗೆ ಒಂದೋ ಎರಡೋ. ಅದು ಗಡಿಯಾರದ ಹಾಗೆ ಮನೆಯಿಂದ ಮನೆಗೆ ಸುತ್ತಿತು. ಫೋನು ಎತ್ತಿದರೆ ಮೊದಲ ಪ್ರಶ್ನೆ ‘ಊಟ ಆತಾ’ ಎಂದಿರುತ್ತಿದ್ದ ಕಡೆ ‘ಎಷ್ಟಿದ್ದು’ ಎಂದಾಯಿತು. ತೊಂಬತ್ತಾರು ಎಂದರೆ ನಿಟ್ಟುಸಿರು. ತೊಂಬತ್ತೆರಡು ಎಂದರೆ ಎರಡೂ ಕಡೆ ಮಾತು ನಿಲ್ಲುತ್ತಿತ್ತು. ಜೀರಿಗೆ ಕೊತ್ತಂಬರಿಯ ಕಷಾಯ ನಮ್ಮಲ್ಲಿ ದಿನನಿತ್ಯದ್ದು; ಅದಕ್ಕೆ ಕಾಳುಮೆಣಸು, ಶುಂಠಿ, ಅಮೃತಬಳ್ಳಿ ಸೇರಿ ಗಂಟೆಗೊಂದು ಲೋಟವಾಯಿತು. ಗಂಟಲಿಗೆ ಹಿತ ಕೊಟ್ಟಿರಬಹುದು. ಆದರೆ ಕಷಾಯ ನಂಬಿ ಮೂರು ದಿನ ತಡಮಾಡಿದ ಮನೆಗಳೂ ಇವೆ, ಪರೀಕ್ಷೆ ಮಾಡಿಸಿದರೆ ಎಳೆದುಕೊಂಡು ಹೋಗುತ್ತಾರೆ ಎಂದು ಹೆದರಿ ಬಾಗಿಲು ಹಾಕಿಕೊಂಡ ಮನೆಗಳೂ ಇವೆ. ಆ ಮೂರು ದಿನಗಳನ್ನು ಅವರು ಈಗಲೂ ಮನಸ್ಸಿನಲ್ಲಿ ಹಿಂದಕ್ಕೆ ಎಳೆಯುತ್ತಿರುತ್ತಾರೆ.

ಮೇ 2ರ ರಾತ್ರಿ ಕಳೆದು 3ರ ಬೆಳಗಾಗುವಷ್ಟರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತ ಸುದ್ದಿ ಬಂತು. ಆಕ್ಸಿಜನ್ ಕೊರತೆಯ ಮಾತು ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಸಿಲಿಂಡರು ಎಲ್ಲಿ ಸಿಗುತ್ತದೆ ಎಂದು ವೆಲ್ಡಿಂಗ್ ಅಂಗಡಿಯವರಿಗೆ ಫೋನು ಮಾಡಿದವರಿದ್ದಾರೆ. 10ರಿಂದ ಕಟ್ಟು ಇನ್ನೂ ಬಿಗಿಯಾಯಿತು. ಬೆಳಗ್ಗೆ ಆರರಿಂದ ಹತ್ತು, ಅದೂ ಹತ್ತಿರದ ಅಂಗಡಿಗೆ ನಡೆದೇ ಹೋಗಿ ಎಂದಿತು ನಿಯಮ. ಹತ್ತಿರದ ಅಂಗಡಿ ಐದು ಮೈಲಿ ಆಚೆ ಇರುವ ಊರುಗಳನ್ನು ಬೆಂಗಳೂರಿನ ಕಾಗದ ಕಂಡಿರಲಿಲ್ಲ.

ಶವಸಂಸ್ಕಾರಕ್ಕೆ ಐದೇ ಜನ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಕಟ್ಟಿಗೆ ಕಡಿಯುವವರು, ಕೇರಿಗೆ ಸುದ್ದಿ ಹೇಳುವವರು, ಆ ಮನೆಯ ದನ ಕರೆಯುವವರು, ಬಂದವರಿಗೆ ನೀರು ಕೊಡುವವರು ತಾವಾಗಿ ಬಂದು ನಿಲ್ಲುತ್ತಾರೆ. ಯಾರೂ ಕರೆಯಬೇಕಿಲ್ಲ. ಆ ಮೇ ತಿಂಗಳಲ್ಲಿ ಗಂಡ ಹುಬ್ಬಳ್ಳಿಯಲ್ಲಿ ಹೋದ ಸುದ್ದಿಯನ್ನು ಹೆಂಡತಿ ಇಲ್ಲಿ, ತಾನೂ ಜ್ವರದಲ್ಲಿ ಮಲಗಿ, ಫೋನಿನಲ್ಲಿ ಕೇಳಿದಳು. ಮುಖ ನೋಡಲಿಲ್ಲ. ಮೈ ಪ್ಲಾಸ್ಟಿಕ್ಕಿನಲ್ಲಿ ಸುತ್ತಿತ್ತು, ಬೆಂಕಿ ಕೊಟ್ಟವರ ಮುಖವೂ ಮುಚ್ಚಿತ್ತು. ಹಿಂದಿನ ವರ್ಷ ರಾಜ್ಯದ ಹಲವೆಡೆ ಮುಸ್ಲಿಂ ಹಣ್ಣಿನ ವ್ಯಾಪಾರಿಗಳನ್ನು ಸೋಂಕು ಹರಡುವವರೆಂದು ಓಣಿಯಿಂದ ಅಟ್ಟಿದ್ದರು. ಈ ವರ್ಷ ರಾಜ್ಯದ ಎಷ್ಟೋ ಊರುಗಳಲ್ಲಿ ಮುಸ್ಲಿಂ ಯುವಕರ ತಂಡಗಳು ಜಾತಿ, ಧರ್ಮ ಕೇಳದೆ ಹೆಣಗಳಿಗೆ ಹೆಗಲು ಕೊಟ್ಟವು. ಅಟ್ಟಿದವರು ಕ್ಷಮೆ ಕೇಳಿದ್ದನ್ನು ನಾನು ಕಾಣಲಿಲ್ಲ.

ಜೂನ್ ಬಂತು, ಮಳೆ ಹಿಡಿಯಿತು, ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿ. ಮೈಲುತುತ್ತ, ಸುಣ್ಣ ಕದಡಿ, ಮಳೆ ಹೊಳುವಾಗುವುದನ್ನು ಕಾದು, ಮರ ಏರಬೇಕು. ವರ್ಷದ ಬೆಳೆ ಅದರಲ್ಲೇ ನಿಂತಿದೆ. ಯಜಮಾನ ಹೋದ ಮನೆಗಳಲ್ಲಿ ಯಾವ ಮರಕ್ಕೆ ಎಷ್ಟು, ಮರ ಏರುವ ಕೊನೆಗೌಡನಿಗೆ ಕೊಡುವುದೆಷ್ಟು, ಸೊಸೈಟಿಯ ಪುಸ್ತಕ ಎಲ್ಲಿದೆ ಎಂದು ತಿಳಿಯದ ಹೆಂಗಸರು ಆ ತಿಂಗಳೇ ಎಲ್ಲ ಕಲಿತರು. ಈಗ ಟೆಂಡರಿನ ದಿನ ಪ್ರಾಂಗಣದಲ್ಲಿ ತಮ್ಮ ರಾಶಿಯ ಪಕ್ಕ ನಿಂತ ಹೆಂಗಸರು ಕಾಣಸಿಗುತ್ತಾರೆ. ಮೊದಲು ಹೀಗೆ ಕಂಡದ್ದು ನನಗೆ ನೆನಪಿಲ್ಲ. ಅವರಲ್ಲಿ ಕೆಲವರು ಅಲ್ಲಿಗೆ ಬಂದು ನಿಂತದ್ದು ಆ ಬೇಸಿಗೆ ಕಳೆದ ಮೇಲೆಯೇ.

2022ರ ಮಾರ್ಚ್‌ನಲ್ಲಿ ಜಾತ್ರೆ ನಡೆಯಿತು. ಅದೇ ವರ್ಷ ಜುಲೈನಲ್ಲಿ, ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿ ಕಡೆ ಹೊರಟಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಬಳಿ ಮಗುಚಿ ನಾಲ್ವರು ಸತ್ತರು. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂಬ ಕೂಗು ಘಟ್ಟದ ಮೇಲೂ ಕೆಳಗೂ ಒಟ್ಟಿಗೇ ಎದ್ದಿತು. ಆ ಕೂಗಿನ ಸಿಟ್ಟಿನಲ್ಲಿ ಹಿಂದಿನ ವರ್ಷದ ಹುಬ್ಬಳ್ಳಿ ದಾರಿಯ ರಾತ್ರಿಗಳೂ ಇದ್ದವು.

ನಮ್ಮ ಪುರೋಹಿತರಿಗೆ ಚೈತ್ರ ಬಹುಳದಿಂದ ವೈಶಾಖ ಮುಗಿಯುವತನಕ ಈಗ ಬಿಡುವೇ ಇಲ್ಲ. ಒಂದೇ ತಿಥಿಗೆ ಎರಡು ಮೂರು ಮನೆಯ ಶ್ರಾದ್ಧ ಬೀಳುತ್ತದೆ. ಒಂದು ಮನೆಯಲ್ಲಿ ಬೇಗ ಮುಗಿಸಿ ಇನ್ನೊಂದಕ್ಕೆ ಓಡುತ್ತಾರೆ, ಬ್ರಾಹ್ಮಣಾರ್ಥಕ್ಕೆ ಜನ ಸಾಲದೆ ಪಕ್ಕದ ಸೀಮೆಯಿಂದ ಕರೆಸುತ್ತಾರೆ. ಪೇಟೆಯಲ್ಲಿ ಎತ್ತದ ಮಾತು ಆ ಊಟದ ಪಂಕ್ತಿಯಲ್ಲಿ ಏಳುತ್ತದೆ. ಯಾರ ಕಾರು ಹೋಗಿತ್ತು, ಯಾವ ವಾರ್ಡು, ಕೊನೆಗೆ ಎಷ್ಟಿತ್ತು, ಆಸ್ಪತ್ರೆಯಿಂದ ಫೋನು ಮಾಡಿದ ಆ ನರ್ಸ್ ಹುಡುಗಿ ಯಾವ ಊರಿನವಳು. ವಡೆ ಬಡಿಸಲು ಬಂದ ಹುಡುಗ ಸೌಟು ಹಿಡಿದು ನಿಂತು, ಅವಳು ಅಂಕೋಲೆಯ ಕಡೆಯವಳು, ಆಮೇಲೆ ಎರಡು ಸಲ ಫೋನು ಮಾಡಿ ಮಾತಾಡಿಸಿದ್ದೇನೆ, ಮುಂದಿನ ವರ್ಷದ ತಿಥಿಗೆ ಬರುತ್ತೇನೆಂದಿದ್ದಾಳೆ ಎನ್ನುತ್ತಾನೆ.